ಊರ ನಕ್ಷೆಯೂ ಊರ ಆರೋಗ್ಯವೂ

ಕೆಲವು ವರ್ಷಗಳ ಹಿಂದಿನ ಮಾತು. ಮುಂಗಾರು ಬಿಡದೆ ಸುರಿಯುತ್ತಿದ್ದ ಒಂದು ರಾತ್ರಿ, ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯ ಹೊರಗಿನ ಹೊಲಮನೆಯೊಂದರಲ್ಲಿ, ಎಮ್ಮೆ ಕಟ್ಟಲೆಂದು ಕತ್ತಲಲ್ಲಿ ಹೊರಗೆ ಬಂದ ತಾಯಿಯೊಬ್ಬರ ಪಾದಕ್ಕೆ ಹಾವು ಕಚ್ಚಿತು. ಬಂಧುಗಳ ಮನೆಗೆಂದು ಹೋಗಿದ್ದ ನಾವು ಅಂದು ಅಲ್ಲಿಯೇ ಇದ್ದೆವು. ಪಟ್ಟಣದಿಂದ ಬಾಡಿಗೆಯ ಜೀಪನ್ನು ಕರೆಸಲಾಯಿತು. ಚಾಲಕನಿಗೆ ಫೋನಿನಲ್ಲಿ ದಾರಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತು. ಮನೆಯವರು ಹೇಳಿಕೊಟ್ಟಂತೆ, “ಹುಣಸಿಗಿಡದ ಹತ್ತಿರ ಎಡಕ್ಕೆ ಹೊರಳಿರಿ” ಎಂದೆವು. ಆ ಹುಣಸೆಮರ ಗಾಳಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು ಎಂಬುದು ನಮಗೆ ತಿಳಿದಿರಲಿಲ್ಲ. ಮನೆಯವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಊರವರ ಬಾಯಲ್ಲಿ ಆ ಕವಲು ಇಂದಿಗೂ ಹುಣಸಿಗಿಡವೇ. ಚಾಲಕ ಇಲ್ಲದ ಮರವನ್ನು ಹುಡುಕುತ್ತ ಮುಂದಿನ ಕವಲಿಗೆ ಹೋದ. ಅಲ್ಲಿ ಎರೆಮಣ್ಣಿನಲ್ಲಿ ಗಾಲಿ ಹೂತುಕೊಂಡವು. ಹುಡುಗನೊಬ್ಬ ಬ್ಯಾಟರಿ ಹಿಡಿದು ಓಡಿಹೋಗಿ ಅವನನ್ನು ಕರೆತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ತಾಯಿ ಉಳಿದರು, ಕಾಲಿನ ಗಾಯ ಮಾಯಲು ಮಾತ್ರ ತಿಂಗಳುಗಳೇ ಹಿಡಿದವು. ಚಾಲಕನನ್ನು ದೂರುವಂತಿರಲಿಲ್ಲ. ದಾರಿ ಹೇಳಿದವರು ನಾವು.

ಈ ಅಂಕಣದಲ್ಲಿ ಪಥ್ಯ, ವ್ಯಾಯಾಮ, ಮನೆಮದ್ದುಗಳ ವಿಚಾರವನ್ನು ಓದಿ ರೂಢಿಯಾದ ಬಂಧುಗಳಿಗೆ ನಕ್ಷೆಯ ಮಾತು ಹೊಸದೆನಿಸಬಹುದು. ಆದರೆ ಆ ಮುಕ್ಕಾಲು ಗಂಟೆಯನ್ನು ಯಾವ ಮನೆಮದ್ದೂ ತುಂಬಿಕೊಡಲಾರದು. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇವರಲ್ಲಿ ಅರ್ಧದಷ್ಟು ಜನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ತೀರಿಕೊಂಡವರು, ಬಹುಪಾಲು ಹಳ್ಳಿಯವರು. ನಮ್ಮ ರಾಜ್ಯವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಡೆಯುವ ಪ್ರತಿವಿಷ ನಮ್ಮ ದೇಶದಲ್ಲಿ ತಯಾರಾಗುತ್ತದೆ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಬೇಗನೆ ಆಸ್ಪತ್ರೆ ಸೇರಬೇಕು, ಅಷ್ಟೆ. ಆ ‘ಬೇಗನೆ’ ಎಂಬ ಪದದಲ್ಲಿ ದಾರಿಯ ಪ್ರಶ್ನೆ ಅಡಗಿದೆ. ಕರ್ನಾಟಕದಲ್ಲಿ 108 ಸಂಖ್ಯೆಯ ಆರೋಗ್ಯ ಕವಚ ವಾಹನಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಹೆರಿಗೆಯಿರಲಿ, ಎದೆನೋವಿರಲಿ, ಕರೆ ಮಾಡಿದವರು ತಾವು ಎಲ್ಲಿದ್ದೇವೆಂದು ಹೇಳಲೇಬೇಕು. ಓಣಿ, ಅಗಸಿ, ಗುಡಿ ಇರುವಲ್ಲಿ ಹೇಳಿಬಿಡಬಹುದು. ಹೊಲದ ನಡುವಿನ ಮನೆಗೆ ವಿಳಾಸವೆಂಬುದೇ ಇಲ್ಲ.

ಇಲ್ಲಿಯೇ ನಾವು ಹೇಳಹೊರಟಿರುವ ತೆರೆದ ನಕ್ಷೆ ಬರುತ್ತದೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬ ತರುಣ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಕೆಲಸವನ್ನು ಆರಂಭಿಸಿದರು. ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದಾದಂತೆ, ಈ ನಕ್ಷೆಯಲ್ಲಿ ಯಾರು ಬೇಕಾದರೂ ತಮಗೆ ಗೊತ್ತಿರುವ ದಾರಿ, ಬಾವಿ, ಶಾಲೆ, ಸೇತುವೆಗಳನ್ನು ಗುರುತಿಸಬಹುದು. ಹಣ ಕೊಡದೆ ಬಳಸಬಹುದು. ಪ್ರತಿ ಮಾಡಿಕೊಂಡು ಇಂಟರ್ನೆಟ್ ಇಲ್ಲದ ಕಡೆಯೂ ಮೊಬೈಲಿನಲ್ಲಿ ಇಟ್ಟುಕೊಳ್ಳಬಹುದು. ವ್ಯಾಪಾರಿ ಕಂಪನಿಗಳ ನಕ್ಷೆಗಳು ಕೆಟ್ಟವೆಂದು ನಾವು ಹೇಳುವುದಿಲ್ಲ, ನಾವೂ ಬಳಸುತ್ತೇವೆ. ಆದರೆ ಅಂಗಡಿಯಿರುವ ಪೇಟೆಯ ಮೇಲೆ ಅವುಗಳಿಗಿರುವ ಅಕ್ಕರೆ ಬಂಡಿಜಾಡಿನ ಮೇಲೆ ಇರುವುದು ಕಷ್ಟ. ಅಲ್ಲದೆ ಆ ಮಾಹಿತಿ ಅವರ ಸೊತ್ತು. ತೆರೆದ ನಕ್ಷೆ ದಾಸೋಹದ ಪಂಕ್ತಿಯಂತೆ: ಬಡಿಸುವವರೂ ನಾವೇ, ಉಣ್ಣುವವರೂ ನಾವೇ.

ಈ ನಕ್ಷೆಯ ಬೆಲೆ ಲೋಕಕ್ಕೆ ಅರಿವಾದುದು ಒಂದು ದುರಂತದಲ್ಲಿ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾಯಿತು. ರಾಜಧಾನಿ ಪೋರ್ಟ್ ಓ ಪ್ರಿನ್ಸ್ ನಗರದ ಸರಿಯಾದ ನಕ್ಷೆ ರಕ್ಷಣಾ ತಂಡಗಳ ಕೈಯಲ್ಲಿರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಕುಳಿತ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಬೀದಿಗಳನ್ನು ಗೆರೆಗೆರೆಯಾಗಿ ಬರೆದರು. ಕೆಲವೇ ದಿನಗಳಲ್ಲಿ ನಗರದ ನಕ್ಷೆ ಸಿದ್ಧವಾಗಿ, ಆಸ್ಪತ್ರೆಗಳನ್ನು ಹುಡುಕುವವರ ಕೈ ಸೇರಿತು. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಎಬೋಲಾ ಹರಡಿದಾಗ, ರೋಗಿಯೊಬ್ಬರು ತಮ್ಮ ಹಳ್ಳಿಯ ಹೆಸರು ಹೇಳಿದರೂ ಆ ಹಳ್ಳಿ ಎಲ್ಲಿದೆಯೆಂದು ಹುಡುಕುವುದೇ ವೈದ್ಯರಿಗೆ ಕಷ್ಟವಾಯಿತು. ‘ಗಡಿಗಳಿಲ್ಲದ ವೈದ್ಯರು’ ಎಂಬ ಸಂಸ್ಥೆಯ ಕೋರಿಕೆಯಂತೆ ಸ್ವಯಂಸೇವಕರು ಗೆಕೆಡು ಪಟ್ಟಣವನ್ನೂ ಸುತ್ತಲಿನ ಪ್ರದೇಶವನ್ನೂ ನಕ್ಷೆಗೆ ತಂದರು. ಅದೇ ವರ್ಷ ಆ ವೈದ್ಯರೂ ಅಮೆರಿಕ ಮತ್ತು ಬ್ರಿಟನ್ನಿನ ರೆಡ್‌ಕ್ರಾಸ್‌ಗಳೂ ಸೇರಿ, ರೋಗ ಬರುವ ಮುನ್ನವೇ ಬಡ ಊರುಗಳನ್ನು ನಕ್ಷೆಯಲ್ಲಿ ತೋರಿಸಲು ‘ಮಿಸ್ಸಿಂಗ್ ಮ್ಯಾಪ್ಸ್’ ಎಂಬ ಯೋಜನೆಯನ್ನು ಕೈಗೊಂಡರು.

ಈ ಕೆಲಸಕ್ಕೆ ಬಹಳಷ್ಟು ಕೈಗಳು ಬೇಕು. ಆ ಕೈಗಳು ಎಲ್ಲಿಂದ ಬಂದವೆಂದರೆ ಕಾಲೇಜುಗಳಿಂದ. 2015ರಲ್ಲಿ ಅಮೆರಿಕದ ಟೆಕ್ಸಾಸ್ ಟೆಕ್, ಜಾರ್ಜ್ ವಾಷಿಂಗ್ಟನ್ ಮತ್ತು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯಗಳು ಅಲ್ಲಿಯ ಸರ್ಕಾರದ ವಿದೇಶಿ ನೆರವು ಸಂಸ್ಥೆಯೊಡನೆ ಸೇರಿ ‘ಯೂತ್‌ಮ್ಯಾಪರ್ಸ್’ ಎಂಬ ವಿದ್ಯಾರ್ಥಿ ಜಾಲವನ್ನು ಕಟ್ಟಿದವು. ಇಂದು ಅದು 70ಕ್ಕೂ ಹೆಚ್ಚು ದೇಶಗಳ ಕಾಲೇಜುಗಳಲ್ಲಿ ಹರಡಿದೆ. ಸೇವೆಯೂ ಆಗಬೇಕು, ಪಾಠವೂ ಆಗಬೇಕು ಎಂಬುದು ಅದರ ತತ್ತ್ವ. ನೆರವು ನೀಡಿದ್ದ ಆ ಸರ್ಕಾರಿ ಸಂಸ್ಥೆಯನ್ನು 2025ರಲ್ಲಿ ಅಮೆರಿಕವೇ ಮುಚ್ಚಿತು. ವಿದ್ಯಾರ್ಥಿಗಳು ಬರೆದಿಟ್ಟ ದಾರಿಗಳು ಮಾತ್ರ ಇದ್ದಲ್ಲಿಯೇ ಇವೆ, ಯಾರೂ ಹಿಂದಕ್ಕೆ ಪಡೆಯಲಾರರು.

ಕೆಲಸದ ರೀತಿ ಸರಳ. ಒಂದು ಪ್ರದೇಶವನ್ನು ಗಣಕಯಂತ್ರ ಚೌಕಗಳಾಗಿ ಹಂಚುತ್ತದೆ. ಒಬ್ಬ ವಿದ್ಯಾರ್ಥಿ ಒಂದು ಚೌಕವನ್ನು ತೆಗೆದುಕೊಂಡು, ಉಪಗ್ರಹ ಚಿತ್ರದ ಮೇಲೆ ಮನೆಯ ಮಾಳಿಗೆಗಳನ್ನೂ ದಾರಿಗಳನ್ನೂ ಗೀಚುತ್ತಾನೆ. ಅನುಭವಿಯಾದ ಇನ್ನೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಮಲೇರಿಯದ ವಿರುದ್ಧ ಮನೆಗೋಡೆಗಳಿಗೆ ಔಷಧ ಸಿಂಪಡಿಸಬೇಕಾದರೆ, ಎಷ್ಟು ಮನೆಗಳಿವೆ, ಎಷ್ಟು ಔಷಧ ಬೇಕು, ಯಾವ ಮನೆ ಬಿಟ್ಟುಹೋಯಿತು ಎಂಬುದು ಮೊದಲು ತಿಳಿಯಬೇಕಷ್ಟೆ. ಆಫ್ರಿಕದ ದಕ್ಷಿಣ ಭಾಗದ ದೇಶಗಳಲ್ಲಿ ಇದಕ್ಕಾಗಿ ಬಹಳ ದೊಡ್ಡ ಪ್ರದೇಶವನ್ನೇ ಹೀಗೆ ಗೀಚಲಾಯಿತು.

ಆದರೆ ಇಲ್ಲಿ ನಮಗೊಂದು ಸಂಶಯವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸಾವಿರಾರು ಮೈಲಿ ದೂರದ ತಣ್ಣನೆಯ ಕೋಣೆಯಲ್ಲಿ ಕುಳಿತ ಹುಡುಗನಿಗೆ ನಮ್ಮ ಬಣವಿ ಏನೆಂದು ಹೇಗೆ ಗೊತ್ತಾಗಬೇಕು? ಮೇಲಿನಿಂದ ನೋಡಿದರೆ ದುಂಡನೆಯ ಬಣವಿ ಗುಡಿಸಲಿನಂತೆಯೇ ಕಾಣುತ್ತದೆ. ಕಣ ಆಟದ ಮೈದಾನದಂತೆ ಕಾಣುತ್ತದೆ. ಬೇಸಗೆಯ ಹಳ್ಳ ರಸ್ತೆಯಂತೆ ಕಾಣುತ್ತದೆ, ಮಳೆಗಾಲದ ರಸ್ತೆಯೇ ಹಳ್ಳವಾಗಿರುತ್ತದೆ. ಎರೆನೆಲದ ಬಂಡಿಜಾಡು ಮಾಘಮಾಸದಲ್ಲಿ ಲಾರಿ ಹೋಗುವಷ್ಟು ಗಟ್ಟಿ. ಶ್ರಾವಣದಲ್ಲಿ ಎತ್ತಿನ ಕಾಲೇ ಹೂತುಹೋಗುತ್ತದೆ. ಇದಾವುದೂ ಚಿತ್ರದಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹೆಸರು ಆಕಾಶದಿಂದ ಕಾಣುವುದಿಲ್ಲ. ನಕ್ಷೆಯ ಅರ್ಧವನ್ನು ಯಾರು ಬೇಕಾದರೂ ಬರೆಯಬಹುದು, ಉಳಿದರ್ಧವನ್ನು ಆ ಊರಿನವರೇ ಬರೆಯಬೇಕು. ಜೀವ ಉಳಿಸುವುದು ಬಹುತೇಕ ಆ ಉಳಿದರ್ಧವೇ. ದೂರದ ಮಕ್ಕಳ ಸೇವೆಗೆ ನಾವು ಕೃತಜ್ಞರು. ಆದರೆ ಅದು ಬೀದಿಯ ಮೇಲೆ ಹಾಕಿದ ಚುಕ್ಕೆ ಮಾತ್ರ. ರಂಗೋಲಿಯ ಎಳೆ ಎಳೆಯಬೇಕಾದವರು ಮನೆಯವರು.

ರೋಗದ ನಕ್ಷೆಗಳಲ್ಲೆಲ್ಲ ಪ್ರಸಿದ್ಧವಾದುದರ ಕತೆಯೂ ಇದೇ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಎಂಬಲ್ಲಿ ಕಾಲರಾ ಸಿಡಿಯಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಜಾನ್ ಸ್ನೋ ಎಂಬ ವೈದ್ಯರು ಸಾವುಗಳ ಜಾಡು ಹಿಡಿದು ಹೋಗಿ, ಅವು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ನೆರೆದಿರುವುದನ್ನು ಕಂಡರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಮುಂದೆ ಅವರು ಸತ್ತವರ ಮನೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ಪ್ರಕಟಿಸಿದರು. ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ ನಿಲ್ಲುತ್ತವೆ. ಆದರೆ ನಕ್ಷೆಯಲ್ಲಿ ಹೊಂದದ ಸಂಗತಿಗಳೂ ಇದ್ದವು. ಪಂಪಿನ ಬಳಿಯೇ ಇದ್ದ ಬಡವರ ದುಡಿಮೆಮನೆಯಲ್ಲಿ (ವರ್ಕ್‌ಹೌಸ್) ಸಾವು ಕಡಿಮೆ. ವಿಚಾರಿಸಿದರೆ ಅಲ್ಲಿ ಸ್ವಂತ ಬಾವಿಯಿತ್ತು. ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ತೀರಿಕೊಂಡರು. ವಿಚಾರಿಸಿದರೆ ಅವರಿಗೆ ಆ ಪಂಪಿನ ನೀರಿನ ರುಚಿಯೇ ಇಷ್ಟವಾಗಿ ದಿನವೂ ತರಿಸಿಕೊಳ್ಳುತ್ತಿದ್ದರು. ಆ ಓಣಿಯ ಚರ್ಚಿನ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಅವರಂತೂ ಸ್ನೋ ಅವರ ಮಾತು ತಪ್ಪೆಂದು ಸಾಧಿಸಲು ಹೊರಟವರು. ಮನೆಮನೆಯ ಪರಿಚಯವಿದ್ದ ಅವರು ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಿ ಕೇಳಿದರು. ಕೇಳುತ್ತ ಕೇಳುತ್ತ ತಾವೇ ಒಪ್ಪಿದರು. ಪಂಪಿನ ಪಕ್ಕದ 40ನೆಯ ಸಂಖ್ಯೆಯ ಮನೆಯಲ್ಲಿ ಕಾಯಿಲೆ ಬಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರು ಬಾವಿಯ ಬದಿಯ ಗುಂಡಿಗೆ ಸೇರಿತ್ತೆಂಬುದನ್ನು ಕಂಡುಹಿಡಿದವರು ಅವರೇ. ವೈದ್ಯರ ನಕ್ಷೆಗೆ ಓಣಿಯನ್ನು ಬಲ್ಲವರ ನಾಲಗೆ ಸೇರಿದ ಮೇಲೆಯೇ ನಿಜ ಪೂರ್ತಿಯಾಯಿತು.

ನಮ್ಮ ಗದಗ ಜಿಲ್ಲೆಗೂ ತನ್ನದೇ ಆದ ಪಂಪಿನ ಕತೆಯಿದೆ. ಮುಂಡರಗಿ ಮೊದಲಾದ ಕಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಅಂಶ ಇನ್ನೂ ಹೆಚ್ಚಿದ್ದರೆ ಕ್ರಮೇಣ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಕುದಿಸಿದರೆ ಹೋಗುವ ದೋಷವಿದಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಇಲ್ಲಿ ಗಮನಿಸಬೇಕಾದುದು, ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಒಂದೇ ರೀತಿ ಇರಬೇಕೆಂದಿಲ್ಲ. ಆಳ ಬೇರೆ, ಕಲ್ಲು ಬೇರೆ. ಆದ್ದರಿಂದ ‘ಈ ಊರಿನ ನೀರು ಕೆಟ್ಟದು’ ಎಂಬ ಮಾತಿನಿಂದ ಪ್ರಯೋಜನವಿಲ್ಲ. ಯಾವ ಬಾವಿ, ಎಷ್ಟು ಅಂಶ, ಯಾವ ತಿಂಗಳಲ್ಲಿ ಅಳೆದದ್ದು, ಯಾವ ಓಣಿಯವರು ಕುಡಿಯುತ್ತಾರೆ, ಶುದ್ಧ ನೀರಿನ ಘಟಕ ಕೆಟ್ಟ ದಿನ ಅವರು ಎಲ್ಲಿಗೆ ಹೋಗುತ್ತಾರೆ — ಇವು ಬೇಕು. ಕೊನೆಯ ಎರಡನ್ನು ಕೊಡ ಹೊರುವ ಹೆಣ್ಣುಮಕ್ಕಳನ್ನಲ್ಲದೆ ಬೇರೆ ಯಾರನ್ನು ಕೇಳೋಣ?

ಊರವರೇ ನಕ್ಷೆ ಬರೆಯುವುದು ಕನ್ನಡನಾಡಿಗೆ ಹೊಸದೂ ಅಲ್ಲ. 1989ರ ಸುಮಾರಿನಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯವರು ಹಳ್ಳಿಯ ಜನರನ್ನೇ ನೆಲದ ಮೇಲೆ ಕೂಡಿಸಿ ತಮ್ಮ ಊರಿನ ಚಿತ್ರವನ್ನು ತಾವೇ ಬರೆಯುವಂತೆ ಮಾಡುವ ಪದ್ಧತಿಯನ್ನು ಬೆಳೆಸಿದರು. ನಮ್ಮ ದೇಶದಲ್ಲಿ ಇಂಥ ನಕ್ಷೆಗಳಿಗೆ ಬಣ್ಣವಾದದ್ದು ರಂಗೋಲಿ ಪುಡಿ. ಗುರುತಾದದ್ದು ಕಾಳು, ಎಲೆ, ಬೆಣಚುಕಲ್ಲು. ಬಸುರಿಯಿರುವ ಮನೆ, ಬಾಣಂತಿಯಿರುವ ಮನೆ, ಕೆಮ್ಮಿನ ರೋಗಿಯಿರುವ ಮನೆಗಳನ್ನು ಹೆಣ್ಣುಮಕ್ಕಳು ತಡಮಾಡದೆ ತೋರಿಸುತ್ತಿದ್ದರು. ಒಂದೇ ಕೊರತೆಯೆಂದರೆ, ಸಂಜೆ ಗಾಳಿ ಬೀಸಿದರೆ ನಕ್ಷೆ ಹೋಯಿತು. ಇಂದು ಅದನ್ನು ಉಳಿಸಿಕೊಳ್ಳುವ ಸಾಧನ ಪ್ರತಿ ಮನೆಯ ಹುಡುಗನ ಕಿಸೆಯಲ್ಲಿದೆ.

ನೆರೆರಾಜ್ಯವಾದ ಕೇರಳದಲ್ಲಿ 2018ರ ಮಹಾಪೂರ ಈ ಪಾಠವನ್ನು ಕಲಿಸಿತು. ಆಗ ತೆರೆದ ನಕ್ಷೆಯ ಸ್ವಯಂಸೇವಕರು ಮಾಡಿದ ಕೆಲಸವನ್ನು ಕಂಡ ಅಲ್ಲಿಯ ಸರ್ಕಾರ, 2020ರಲ್ಲಿ ‘ಮ್ಯಾಪಥಾನ್ ಕೇರಳಂ’ ಎಂಬ ಹೆಸರಿನಲ್ಲಿ ನಾಡಿನ ನಕ್ಷೆಯನ್ನು ತುಂಬಲು ಜನರನ್ನು ಕರೆಯಿತು. ಅದೇ 2018ರ ನವೆಂಬರಿನಲ್ಲಿ ಏಷ್ಯದ ತೆರೆದ ನಕ್ಷೆಗಾರರ ಸಮಾವೇಶವು ಬೆಂಗಳೂರಿನ ಐಐಎಂ ಆವರಣದಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಪರಿಣತರಿಗೆ ಬರವಿಲ್ಲ. ಅಲ್ಲಿಂದ ಶಿರಹಟ್ಟಿ, ಮುಂಡರಗಿಯ ಕಡೆ ಆ ಗಾಳಿ ಬೀಸುವುದು ನಿಧಾನ, ಎಂದಿನಂತೆ. ಇಂಥ ಕೆಲಸಕ್ಕೆ ಅನುಮತಿ ಬೇಕೇ ಎಂದು ಹಿರಿಯರು ಕೇಳುವುದುಂಟು. ಭಾರತ ಸರ್ಕಾರವು 2021ರ ಫೆಬ್ರುವರಿ 15ರಂದು ಹೊರಡಿಸಿದ ಮಾರ್ಗಸೂಚಿಯಂತೆ, ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಪಡೆಯಬೇಕಾಗಿಲ್ಲ. ರಕ್ಷಣೆ ಮೊದಲಾದ ಸೂಕ್ಷ್ಮ ವಿಷಯಗಳನ್ನು ಮಾತ್ರ ಮುಟ್ಟಬಾರದು.

ನಮ್ಮಲ್ಲಿ ಇದಕ್ಕೆ ಒದಗುವ ಹಾದಿ ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಏಳು ದಿನಗಳ ಗ್ರಾಮಶಿಬಿರವೂ ಉಂಟು. ಶಿಬಿರಗಳನ್ನು ನಾವು ಬಹಳ ಕಂಡಿದ್ದೇವೆ. ಗುಡಿಯ ಅಂಗಳ ಗುಡಿಸುತ್ತಾರೆ, ಘೋಷಣೆ ಕೂಗುತ್ತಾರೆ, ಏಳನೆಯ ದಿನ ಸಮಾರೋಪದ ಭಾಷಣ. ಎಂಟನೆಯ ದಿನ ಅಂಗಳದಲ್ಲಿ ಮತ್ತೆ ಕಸ. ಅದರ ಬದಲು, ಅಥವಾ ಅದರೊಂದಿಗೇ, ಆ ಏಳು ದಿನಗಳಲ್ಲಿ ಊರಿನ ಒಂದೊಂದು ಹೊಲದಾರಿಯನ್ನೂ ನಡೆದು ಬರೆದರೆ ಎಂಟನೆಯ ದಿನಕ್ಕೂ ಅದು ಉಳಿಯುತ್ತದೆ. ಯಾವ ದಾರಿಯಲ್ಲಿ ಮಳೆಗಾಲದಲ್ಲಿ ನಾಲ್ಕು ಗಾಲಿ ಹೋಗಲಾರದು, ಎಲ್ಲಿ ಸೇತುವೆ ಮುಳುಗುತ್ತದೆ, ಉಪಕೇಂದ್ರ ಎಲ್ಲಿದೆ, ಊರು ಬಿಟ್ಟು ಹೊಲದಲ್ಲಿರುವ ಮನೆಗಳೆಷ್ಟು ಎಂಬುದನ್ನು ಆಶಾ ಕಾರ್ಯಕರ್ತೆಯರ ಜೊತೆ ನಡೆದು ಕೇಳಬೇಕು. ಸಾವಿರ ಜನಸಂಖ್ಯೆಗೆ ಒಬ್ಬರಂತೆ ಇರುವ ಆ ಹೆಣ್ಣುಮಕ್ಕಳ ತಲೆಯಲ್ಲಿರುವ ನಕ್ಷೆ ಯಾವ ಉಪಗ್ರಹದಲ್ಲಿಯೂ ಇಲ್ಲ.

ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬೇಕು. ಆ ನಕ್ಷೆ ಅದಕ್ಕೆ ಅವಕಾಶವಿತ್ತಿದೆ. ಲಕ್ಷ್ಮೇಶ್ವರವು ಪುಲಿಗೆರೆಯಾಗಿದ್ದಾಗ ತಿರುಳುಗನ್ನಡದ ನಾಡೆಂದು ಕವಿರಾಜಮಾರ್ಗದಲ್ಲಿ ಎಣಿಸಲ್ಪಟ್ಟ ಸೀಮೆ ಇದು. ಇಲ್ಲಿಯ ಹಳ್ಳಗಳ ಹೆಸರನ್ನು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಲ್ಲಿ ಓದಿ ತಡಬಡಿಸುವ ಚಾಲಕ ನಮಗೆ ಬೇಡ.

ಒಂದು ಎಚ್ಚರಿಕೆ ಅತ್ಯಗತ್ಯ. ತೆರೆದ ನಕ್ಷೆಯಲ್ಲಿ ಬರೆದದ್ದನ್ನು ಲೋಕವೆಲ್ಲ ಓದುತ್ತದೆ. ದಾರಿ ಬರೆಯಿರಿ, ಬಾವಿ ಬರೆಯಿರಿ, ಮನೆಯ ಗುರುತನ್ನೂ ಬರೆಯಿರಿ; ಮನೆಯವರ ಹೆಸರನ್ನು ಬರೆಯಬೇಡಿ, ಕಾಯಿಲೆಯನ್ನಂತೂ ಎಂದಿಗೂ ಬರೆಯಬೇಡಿ. ಕ್ಷಯ, ಗರ್ಭ, ಮನೋವ್ಯಾಧಿ ಇವು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿಯೇ ಇರಲಿ. ರಂಗೋಲಿಯ ನಕ್ಷೆ ಸಂಜೆಗೆ ಅಳಿಯುತ್ತಿತ್ತೆಂದು ಮೇಲೆ ಕೊರತೆಯಾಗಿ ಹೇಳಿದೆವಷ್ಟೆ. ಈ ವಿಷಯದಲ್ಲಿ ಅದೇ ಅದರ ಗುಣವೂ ಆಗಿತ್ತು.

ಕಳೆದ ಸುಗ್ಗಿಯಲ್ಲಿ ನಾವು ಪರಿಚಯದ ಐದಾರು ಕಾಲೇಜು ಮಕ್ಕಳೊಡನೆ ಯಳವತ್ತಿಯ ಅದೇ ದಾರಿಯನ್ನು ನಡೆದೆವು. ಒಬ್ಬಳು ಮೊದಲೇ ಕಾಲೇಜಿನಲ್ಲಿ ಕುಳಿತು ಚಿತ್ರ ನೋಡಿ ಹನ್ನೊಂದು ಮನೆ ಗುರುತಿಸಿಕೊಂಡು ಬಂದಿದ್ದಳು. ಹೋಗಿ ನೋಡಿದರೆ ಅವುಗಳಲ್ಲಿ ನಾಲ್ಕು ಬಣವಿ. ಅವಳ ಗೆಳೆಯರು ದಿನವಿಡೀ ಅವಳನ್ನು ಬಿಡಲಿಲ್ಲ. ಕವಲಿಗೆ ಬಂದಾಗ ಹೆಸರಿನ ಜಗಳ ಹತ್ತಿತು. ಅದು ಹುಣಸಿಗಿಡ ಎಂದು ಹಿರಿಯರೊಬ್ಬರು, ಈಗ ಅದು ಟವರ್ ದಾರಿ ಎಂದು ಅವರ ಮೊಮ್ಮಗ. ಗಿಡವೆಲ್ಲಿದೆ ಎಂದರೆ, ಅದು ಬಿದ್ದ ದಿನ ತಾವು ಅಲ್ಲಿಯೇ ಇದ್ದೆವೆಂದು ಹಿರಿಯರು ನೆಲ ತೋರಿಸಿದರು. ಒಂದು ಸ್ಥಳಕ್ಕೆ ಎರಡು ಹೆಸರು ಬರೆಯಲು ಆ ನಕ್ಷೆಯಲ್ಲಿ ಅವಕಾಶವಿರುವುದರಿಂದ ಎರಡನ್ನೂ ಬರೆಯಲಾಯಿತು. ಆ ತಾಯಿಯ ಹೊಲಮನೆಗೂ ಹೋದೆವು. ಮಜ್ಜಿಗೆ ಕೊಟ್ಟು, ಪಾದದ ಮೇಲಿನ ಕಲೆಯನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡು ಕುಳಿತರು. ಹುಡುಗಿ ಮೊಬೈಲನ್ನು ಅವರ ಮುಂದೆ ಹಿಡಿದು, ಇದು ನಿಮ್ಮ ಮನೆ, ಇದು ಹಳ್ಳ ಎಂದು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು. “ಹಳ್ಳ ಹಿಂಗ ಹರಿಯೂದಿಲ್ಲವ್ವಾ. ಈ ಜಾಲಿ ಗಿಡದ ಹಿಂದ ಹೊಳ್ಳತೈತಿ. ನಾವು ಈ ಕಡೆ ಅದೇವಿ” ಎಂದರು. ಎದ್ದು ಹೋಗಿ ನೋಡಿದೆವು. ಜಾಲಿಯ ಪೊದೆ ದಟ್ಟವಾಗಿದ್ದುದರಿಂದ ಚಿತ್ರದಲ್ಲಿ ಹಳ್ಳದ ತಿರುವು ಕಂಡಿರಲಿಲ್ಲ. ಮನೆ ಆಚೆಯ ದಂಡೆಗೆ ಬಿದ್ದಿತ್ತು. ಹುಡುಗಿ ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು ಗೆರೆಯನ್ನು ಅಳಿಸಿ, ಜಾಲಿಯ ಹಿಂದಿನಿಂದ ತಿರುಗಿಸಿ ಬರೆದಳು.